ದೇವದುರ್ಗಕ್ಕೆ ಬಂದ ರೈಲು

ಸ್ಟೇಷನ್ ರಸ್ತೆ, ರಾಯಚೂರು
೨೧-೧-೨೦೨೫, ಮಂಗಳವಾರ

ಚಿರಂಜೀವಿ ಆನಂದನಿಗೆ ನಿನ್ನ ತಾತ ವೆಂಕೋಬನ ಜೈ ಭೀಮ್ ಮತ್ತು ಆಶೀರ್ವಾದ.

ಮಾನ್ವಿಯಲ್ಲಿ ಹೇಗಿದ್ದೀ? ಅಕ್ಕಿ ಗಿರಣಿಯ ತೌಡಿನ ಧೂಳು ನಿನಗೆ ಆಗಿಬರುವುದಿಲ್ಲ, ಸಣ್ಣವನಿದ್ದಾಗಲೇ ಕೆಮ್ಮು ಬಂದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಬಾಯಿಗೆ ವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡು. ನಿನ್ನನ್ನು ಮನೆಯಲ್ಲಿ ಇಟ್ಟುಕೊಂಡಿರುವ ನಿನ್ನ ಗೆಳೆಯ ಕೊಟ್ರೇಶನಿಗೆ ನನ್ನ ನಮಸ್ಕಾರ ಹೇಳು. ಎರಡು ತಿಂಗಳಿಂದ ನಿನ್ನ ಫೋನು ಬಂದ್ ಇದೆ, ಅದಕ್ಕೇ ಈ ಕಾಗದ. ನಿಮ್ಮಜ್ಜಿ ಗೋಪಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಎನ್ನುತ್ತಾಳೆ, ಆದರೂ ದಿನಾ ಸಂಜೆ ಬೀದಿಯ ತುದಿಯವರೆಗೆ ಹೋಗಿ ಬಸ್ಸು ಇಳಿದವರನ್ನು ನೋಡಿಕೊಂಡು ಬರುತ್ತಾಳೆ.

ಈಗ ಸುದ್ದಿ ಕೇಳು. ನೀನು ಅರ್ಧಕ್ಕೆ ಬಿಟ್ಟುಹೋದ ಆಟದ ರೈಲನ್ನು ನಾನು ಮುಗಿಸಿದೆ. ರೈಲ್ವೆಯ ಪರೀಕ್ಷೆ ಪಾಸಾಗಿ, ಕೊನೆಗೆ ಕಣ್ಣಿನ ತಪಾಸಣೆಯಲ್ಲಿ ಬೇಡ ಅನ್ನಿಸಿಕೊಂಡು ಬಂದ ದಿನ ನೀನು ಹಳಿ ಜೋಡಿಸಿದ್ದ ಆ ಹಲಗೆಯನ್ನು ಗೋಡೆಗೆ ತಿರುಗಿಸಿ ಇಟ್ಟೆಯಲ್ಲ, ಅದು ಒಂದು ತಿಂಗಳು ಹಾಗೇ ಇತ್ತು. ಆದರೆ ದೇವದುರ್ಗದ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನೀನು ನಿನ್ನ ತಾಯಿಗೆ ಮಾತು ಕೊಟ್ಟಿದ್ದೆ. ಉಮಾದೇವಿ ಮೇಡಂ ಮಗ ರೈಲು ತರುತ್ತಾನೆ ಎಂದು ಆ ಶಾಲೆಯ ಮಕ್ಕಳೆಲ್ಲ ಕಾಯುತ್ತಿದ್ದರು. ಊರಲ್ಲಿ ರೈಲೇ ಇಲ್ಲ ಪಾಪ. ನಿನ್ನ ನೋಟ್‌ಬುಕ್ ತೆಗೆದೆ, ಕನ್ನಡಕ ಒರೆಸಿಕೊಂಡು ಮೊದಲ ಪುಟದಿಂದ ಓದಲು ಕೂತೆ.

ಜೀವನವೆಲ್ಲ ಪಾರ್ಸೆಲ್ ಆಫೀಸಿನಲ್ಲಿ ಮೂಟೆ ಹೊತ್ತವನಿಗೆ ಇದೆಲ್ಲ ತಿಳಿಯಲು ಇಪ್ಪತ್ತು ದಿನ ಬೇಕಾಯಿತು. ಹಳಿಯ ಮಧ್ಯದ ಸೆನ್ಸರ್ ಇನ್‌ಫ್ರಾರೆಡ್ ಬೆಳಕನ್ನು ಮೇಲಕ್ಕೆ ಬಿಡುತ್ತದೆ. ಗಾಡಿ ಬಂದರೆ ಆ ಬೆಳಕು ಗಾಡಿಯ ತಳಕ್ಕೆ ಬಡಿದು ವಾಪಸು ಬರುತ್ತದೆ, ಕೂಡಲೇ ಹಿಂದಿನ ಸಿಗ್ನಲ್ ಕೆಂಪಾಗಿ, ಹಿಂದೆ ಬರುವ ಇನ್ನೊಂದು ರೈಲು ಅಲ್ಲೇ ನಿಲ್ಲುತ್ತದೆ. ಹೇಳುವುದು ಸುಲಭ. ಮೊದಲ ಸಲ ಓಡಿಸಿದಾಗ ಮುಂದೆ ಕಲ್ಲಿದ್ದಲು ಗಾಡಿ ನಿಂತಿದ್ದರೂ ಸಿಗ್ನಲ್ ಹಸಿರಾಗಿಯೇ ಉಳಿಯಿತು, ಪ್ಯಾಸೆಂಜರ್ ಹೋಗಿ ಅದಕ್ಕೆ ಗುದ್ದಿತು, ಎರಡು ಡಬ್ಬಿ ನೆಲಕ್ಕೆ ಬಿದ್ದವು. ಸೆನ್ಸರ್ ಕೆಟ್ಟಿದೆ ಎಂದು ಮೊಬೈಲ್ ರಿಪೇರಿ ಅಂಗಡಿಯ ಫರ್ಹೀನ್ ಹತ್ತಿರ ಒಯ್ದೆ. ಅವಳು ತನ್ನ ಫೋನಿನ ಕ್ಯಾಮೆರಾ ಹಿಡಿದು ಅದರೊಳಗೆ ಆ ಕಾಣದ ಬೆಳಕನ್ನು ನನಗೆ ತೋರಿಸಿಬಿಟ್ಟಳು! "ತಾತಾ, ಸೆನ್ಸರ್ ಬರೋಬ್ಬರಿ ಅದರೀ. ನಿಮ್ಮ ಡಬ್ಬಿ ತಳ ಕರ್ರಗ ಅದ, ಕರೇದು ಬೆಳಕು ನುಂಗತದ. ಬಿಳಿ ಕಾಗದ ಅಂಟಿಸ್ರಿ" ಅಂದಳು. ಅಂಟಿಸಿದೆ. ಆಮೇಲೆ ಒಂದು ಸಲವೂ ಗುದ್ದಲಿಲ್ಲ.

ಮೊನ್ನೆ ಶನಿವಾರ ಹಲಗೆಯನ್ನು ಟ್ರಾಲಿ ಆಟೊದಲ್ಲಿ ಕಟ್ಟಿಕೊಂಡು ದೇವದುರ್ಗಕ್ಕೆ ಹೋದೆ. ಜಾಗ ಕೊಟ್ಟದ್ದು ಅಂಗಳದಲ್ಲಿ, ಮೇಲೆ ನೆರಳಿಲ್ಲ. ಮನೆಯೊಳಗೆ ಅಷ್ಟು ಚೆನ್ನಾಗಿ ಓಡಿದ್ದು, ಅಲ್ಲಿ ಸ್ವಿಚ್ ಹಾಕಿದರೆ ಎಲ್ಲ ಸಿಗ್ನಲ್ಲೂ ಕೆಂಪು, ಎರಡೂ ರೈಲು ನಿಂತಲ್ಲೇ ನಿಂತವು. ಸುತ್ತ ನೂರು ಮಕ್ಕಳು. ವೈರು ಜಗ್ಗಿ ನೋಡಿದೆ, ಬ್ಯಾಟರಿ ಬದಲಿಸಿದೆ, ಏನೂ ಆಗಲಿಲ್ಲ. ಹೆಡ್‌ಮಾಸ್ತರರು ಬಂದು ಮೆಲ್ಲಗೆ ಅಂದರು: "ಯಜಮಾನ್ರೇ, ಎರಡಕ್ಕ ಬಹುಮಾನ ಕೊಡೋ ಸಾಹೇಬ್ರು ಬರ್ತಾರ. ಸೆನ್ಸರ್ ಬಿಡ್ರಿ, ಟೇಬಲ್ ಕೆಳಗ ಕೈಲೆ ಸ್ವಿಚ್ ಒತ್ತ್ರಿ, ಯಾರಿಗಿ ಗೊತ್ತಾಗತದ?" ನಿನ್ನ ತಾಯಿಯೂ ನನ್ನ ಮುಖ ನೋಡಿದಳು. "ಬೋರ್ಡಿನ ಮ್ಯಾಲ ತಾನಾಗೇ ನಡಿಯೋ ಸಿಗ್ನಲ್ ಅಂತ ಬರದು, ಕೆಳಗ ಆನಂದನ ಹೆಸರು ಹಾಕೀನ್ರೀ. ತಾನಾಗೇ ನಡಿಬೇಕು. ಇಲ್ಲಂದ್ರ ಹಲಗಿ ಹೊತ್ಕೊಂಡು ಹೊಳ್ಳಿ ಹೋಗ್ತೀನಿ" ಎಂದು ಹೇಳಿ ಮತ್ತೆ ಬಾಗಿ ಕೂತೆ. ಬಿಸಿಲಿಗೆ ತಲೆ ಸುಡುತ್ತಿತ್ತು, ಆದರೂ ಏಳಬಾರದು ಅನ್ನಿಸಿತು.

ಶಾಲೆಯ ಅಡುಗೆಯ ಆದೆಮ್ಮ ಅನ್ನದ ಪಾತ್ರೆಯ ದೊಡ್ಡ ಮುಚ್ಚಳ ತೊಳೆದು ಕೈಯಲ್ಲಿ ಹಿಡಿದುಕೊಂಡು ಅದೇ ದಾರಿಯಲ್ಲಿ ಬಂದಳು. "ಯಪ್ಪಾ, ಇದು ಓಡೂದಿಲ್ಲೇನು?" ಎಂದು ಹಲಗೆಯ ಮೇಲೆ ಬಾಗಿದಳು. ಮುಚ್ಚಳದ ನೆರಳು ಹಳಿಯ ಮೇಲೆ ಬಿತ್ತು. ಟಕ್ಕನೆ ಒಂದು ಸಿಗ್ನಲ್ ಹಸಿರಾಯಿತು, ಪ್ಯಾಸೆಂಜರ್ ಹೊರಟೇಬಿಟ್ಟಿತು! ಆದೆಮ್ಮ ಹೆದರಿ ಹಿಂದಕ್ಕೆ ಸರಿದಳು, ರೈಲು ಮತ್ತೆ ನಿಂತಿತು. ನಾನು ಅವಳ ಕೈ ಹಿಡಿದು "ಯವ್ವಾ, ಅಲ್ಲೇ ನಿಂದ್ರು, ಅಳ್ಳಾಡಬ್ಯಾಡ" ಎಂದು ಕೂಗಿದೆ. ಆಗ ತಿಳಿಯಿತು, ಬಿಸಿಲಿನಲ್ಲೂ ಅದೇ ಇನ್‌ಫ್ರಾರೆಡ್ ಇರುತ್ತದೆ, ನಮ್ಮ ಸೆನ್ಸರ್ ಸೂರ್ಯನನ್ನೇ ಗಾಡಿ ಎಂದು ತಿಳಿದಿತ್ತು. ಬಿಸ್ಕೀಟಿನ ರಟ್ಟಿನ ಡಬ್ಬಿ ತರಿಸಿ ಕತ್ತರಿಸಿದೆ, ಪ್ರತಿ ಸೆನ್ಸರಿನ ಮೇಲೂ ಒಂದೊಂದು ಸುರಂಗ ಕಟ್ಟಿದೆ. ಮಕ್ಕಳು ಅದಕ್ಕೆ ಮಣ್ಣು ಮೆತ್ತಿ ಗುಡ್ಡ ಮಾಡಿದರು. ಒಂದೂವರೆಗೆ ಎರಡೂ ರೈಲು ಓಡಿದವು. ಮುಂದಿನದು ನಿಂತರೆ ಹಿಂದಿನದು ತಾನಾಗಿ ನಿಲ್ಲುತ್ತಿತ್ತು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ, ಎಲ್ಲರಿಗೂ ಕಾಣಲಿ ಎಂದು.

ಮೊದಲ ಬಹುಮಾನ ಬಂತು. ಫೆಬ್ರವರಿ ಐದಕ್ಕೆ ರಾಯಚೂರಿನಲ್ಲಿ ಜಿಲ್ಲಾ ಪ್ರದರ್ಶನ. ಇನ್ನೊಂದು ಲೈನ್ ಸೇರಿಸಬೇಕೆಂದಿದ್ದೇನೆ. ನಿನ್ನ ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ನನಗೆ ಅರ್ಥವಾಗುತ್ತಿಲ್ಲ. ಅದನ್ನು ಬರೆದವನೇ ಬರಬೇಕು. ನೀನು ಬರುವವರೆಗೆ ನಾನು ಬಿಡುವವನಲ್ಲ, ಆ ಪುಟಗಳನ್ನೂ ಬಿಡುವುದಿಲ್ಲ.

ನಿನ್ನ ತಾಯಿಯ, ಅಜ್ಜಿಯ ಆಶೀರ್ವಾದಗಳೂ ಇದರಲ್ಲಿವೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಾತ,
ವೆಂಕೋಬ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಸಾಲುವುದಿಲ್ಲ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದ ಇಂಥ ಕಣ್ಣು ತಾಯಿಯ ತಂದೆಯಿಂದ ಬರುತ್ತದಂತೆ ಎಂದು ಡಾಕ್ಟರು ಹೇಳಿದ್ದನ್ನು ನೀನು ಬಂದು ಹೇಳಿ, "ತಾತಾ, ನಿನಗೂ ಹಿಂಗ ಅದ ಏನು?" ಎಂದು ಕೇಳಿದೆ. ನಾನು ಇಲ್ಲ ಅಂದೆ. ನೀನು ಕೈಚೀಲ ಹಿಡಿದು ಹೊರಟದ್ದು ಆಮೇಲೆ. ನನಗೂ ಇದೆ, ಆನಂದ. ೧೯೮೧ರಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು ಅಂಕಿ ಓದು ಅಂದರು. ನನಗೆ ಬರೀ ಚುಕ್ಕಿ ಕಂಡವು. ಪರವೂರಿಗೆ ಹಾಕುತ್ತಾರೆ, ಅದಕ್ಕೆ ನಾನೇ ಬೇಡವೆಂದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ನಿಮ್ಮಜ್ಜಿ ಇವತ್ತಿಗೂ ಅದನ್ನೇ ನಂಬಿದ್ದಾಳೆ. ನೀನು ತಪ್ಪು ವೈರು ಜೋಡಿಸಿದಾಗಲೆಲ್ಲ ಬೈದೆನಲ್ಲ, ನನಗೆ ಕಾರಣ ಗೊತ್ತಿದ್ದೂ ಬೈದೆ. ಸಿಗ್ನಲ್ಲನ್ನು ನಾನು ದೀಪ ಉರಿಯುವ ಜಾಗದಿಂದ ತಿಳಿಯುತ್ತೇನೆ. ಈಗ ಕೆಂಪು ವೈರಿಗೆ ಒಂದು ಗಂಟು, ಹಸಿರಿಗೆ ಎರಡು ಗಂಟು ಹಾಕಿಸಿಕೊಂಡು ಅಷ್ಟನ್ನೂ ನಾನೇ ಜೋಡಿಸಿದ್ದೇನೆ, ಒಂದೂ ತಪ್ಪಿಲ್ಲ, ಬಂದು ನೋಡು. ನಿಮ್ಮಜ್ಜಿಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ.