ಅಮ್ಮನ ಮತ

ಬರ್ಚ್‌ಫೀಲ್ಡ್, ಮಿನೆಸೋಟ
ಮಂಗಳವಾರ

ಅಮ್ಮಾ,

ಫೋನ್ ಮಾಡಿದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ನಗರಸಭೆಯಲ್ಲಿ ಅಧ್ಯಕ್ಷರು "ಗ್ರಂಥಾಲಯ ಮುಚ್ಚಬೇಕೆನ್ನುವ ಸದಸ್ಯರು ಕೈಯೆತ್ತಿ" ಎಂದಾಗ ಸದಸ್ಯರ ಸಾಲಿನಲ್ಲಿ ಮೊದಲು ಎದ್ದದ್ದು ನಿನ್ನ ಕೈ. ಯಾರನ್ನೋ ಕರೆಯುತ್ತಿದ್ದೀಯೆಂದುಕೊಂಡೆ.

ಚಳಿಗಾಲವಿಡೀ ಹಿಮ ತುಳಿದುಕೊಂಡು ಸದಸ್ಯರ ಮನೆಮನೆಗೆ ಹೋಗಿದ್ದೆ. ಆ ಸಿಡುಕ ಹಾಲ್ವರ್‌ಸನ್ ಕೂಡ, "ಆಯ್ತಮ್ಮ, ನಿನ್ನ ಕಡೆಗೇ ಇರ್ತೀನಿ" ಅಂದಿದ್ದ. ಮಾತು ಉಳಿಸಿಕೊಂಡ. ನಾವು ಸೋತದ್ದು ಒಂದೇ ಮತದಿಂದ, ಅದು ನಿನ್ನದು.

ಹೊರಗೆ ಕಾರಿನ ಹತ್ತಿರ ನೀನು ಅಂದೆ: "ಊರವರ ಮನೆಗೆಲ್ಲ ಹೋದೆ. ನನ್ನನ್ನ ಒಂದು ಮಾತು ಕೇಳಿದ್ಯೇನೇ? ಅಮ್ಮ ತಾನೆ, ಎಲ್ಲಿಗೆ ಹೋಗ್ತಾಳೆ ಅಂದ್ಕೊಂಡೆ. ನಮ್ಮ ಬೀದಿಯವ್ರು ಗ್ರಂಥಾಲಯದ ತೆರಿಗೆ ಕಟ್ಟೋಕಾಗ್ದೆ ಒದ್ದಾಡ್ತಿದಾರೆ. ಅವರಿಗೆ ನಾನೇನ್ ಹೇಳ್ಲಿ?"

ನಿಜ, ನಿನ್ನ ಬಾಗಿಲೊಂದನ್ನೇ ನಾನು ತಟ್ಟಲಿಲ್ಲ.

ನಿನ್ನೆಯದು ಮೊದಲ ಸುತ್ತು ಮಾತ್ರ; ಅಂತಿಮ ಮತದಾನ ಮುಂದಿನ ಸೋಮವಾರ. ಭಾನುವಾರ ಚರ್ಚ್ ಮುಗಿದ ಮೇಲೆ ಬೀದಿಯವರನ್ನು ನಿನ್ನ ಮನೆಗೆ ಕರೆ. ಕಾಫಿ ನಾನು ತರುತ್ತೇನೆ. ಮೊದಲು ಅವರು ಮಾತಾಡಲಿ, ಆಮೇಲೆ ನೀನು. ಈ ಸಲ ಹಿತ್ತಿಲ ಬಾಗಿಲಿಂದ ನುಗ್ಗುವುದಿಲ್ಲ, ಮುಂಬಾಗಿಲ ಕರೆಗಂಟೆ ಒತ್ತಿ ಕಾಯುತ್ತೇನೆ.

ನಿನ್ನ ಮಗಳು,
ಬ್ರಿಟಾ
ನಿರ್ದೇಶಕಿ, ಸಾರ್ವಜನಿಕ ಗ್ರಂಥಾಲಯ