ಮೂರು ಗೀರಿನ ಕೀಲಿಕೈ

ಮಾರ್ಚ್ ೩, ಸೋಮವಾರ

ಬೆಳಗ್ಗಿನಿಂದ ಒಂಬತ್ತು ಗಿರಾಕಿ. ಒಂಬತ್ತೂ ಜನಕ್ಕೆ ಹೊಸ ಬೀಗವೇ ಬೇಕು. ಇರುವ ಬೀಗದ ಮೇಲೆ ನಂಬಿಕೆಯಿಲ್ಲ — ನೆರೆಮನೆಯವರ ಮೇಲಂತೂ ಮೊದಲೇ ಇಲ್ಲ. ಬಿ.ಎ.ಯಲ್ಲಿ ಛಂದಸ್ಸು ಓದಿ ಬೀಗ ತಿದ್ದಲು ಕೂತವನಿಗೆ ಒಳ್ಳೆಯ ಕಾಲ. ಊರಿಗೆ ಭಯ, ನನಗೆ ಜಯ. ಮಧ್ಯಾಹ್ನ ಊಟಕ್ಕೆ ಹೋದಾಗ ಹೇಳಿ ತೋರಿಸಿದೆ.

"ಪ್ರಾಸ ಸಾಕು. ನಾಲ್ಕಕ್ಕೇ ಅಂಗಡಿ ಮುಚ್ಚಿ ಬನ್ನಿ, ಮೆರವಣಿಗೆ ಇದೆಯಂತೆ" ಎಂದಳು ನಮ್ಮನೆಯವಳು.

ಮೆರವಣಿಗೆ ದಿನವೂ ಇದೆ. ಕಳೆದ ವಾರ ಮೆರವಣಿಗೆಯವರ ಕಲ್ಲಿಗೆ ಅಕ್ಕ ಹೋಗುವ ಪ್ರಾರ್ಥನಾ ಮಂದಿರದ ಕಿಟಕಿ ಗಾಜು ಹೋಯಿತು. ಕಿಟಕಿಗಳಿಗೆಲ್ಲ ಹಲಗೆ ಬಡಿದಿದ್ದಾರೆ.

ಮಾರ್ಚ್ ೫, ಬುಧವಾರ, ಸಂಜೆ

ಮಂದಿರದ ಬೀಗ ಬಿಗಿಯಾಗಿದೆಯೆಂದು ಅಕ್ಕ ಎಳೆದುಕೊಂಡು ಹೋದಳು. ಇರುವುದು ಒಂದೇ ಬಾಗಿಲು. ಬಾಗಿಲೊಳಗೇ ಕೂರಿಸಿದ ಹಳೇ ಬೀಗ. ಒಳಗಿನಿಂದಲೂ ಹೊರಗಿನಿಂದಲೂ ಒಂದೇ ಕೀಲಿಕೈ; ಒಂದು ಕಡೆ ಸಿಕ್ಕಿಸಿ ಬಿಟ್ಟರೆ ಇನ್ನೊಂದು ಕಡೆಯಿಂದ ತೂರದು. ಒಂಬತ್ತು ವರ್ಷದ ಹಿಂದೆ ನಾನೇ ಮಾಡಿಕೊಟ್ಟದ್ದು. ಹಿಡಿಯ ಮೇಲೆ ಅರದ ಮೂರು ಗೀರು — ನನ್ನ ರುಜು. ಎಣ್ಣೆ ಬಿಟ್ಟೆ. ಐದು ನಿಮಿಷದ ಕೆಲಸ.

"ಇನ್ನೈದು ನಿಮಿಷ ಕೂತ್ಕೊಂಡ್ರೆ ನಿನ್ನ ಗಂಟೇನು ಹೋಗತ್ತೋ? ಅಮ್ಮ ಹೋದ್ಮೇಲೆ ಈ ಕಡೆ ತಲೇನೇ ಹಾಕಿಲ್ಲ ನೀನು."

ಕೂತೆ. ಪಾದ್ರಿಗಳು ಹೇಳುತ್ತಿದ್ದರು — ಶಿಷ್ಯರು ಹೆದರಿ ಬಾಗಿಲು ಭದ್ರ ಮಾಡಿಕೊಂಡು ಕೂತಿದ್ದಾಗ ಏಸು ನಡುವೆ ಬಂದು ನಿಂತು ಸಮಾಧಾನ ಹೇಳಿದ ಪ್ರಸಂಗ. ಬೀಗ ಮುರಿಯದೆ, ಕೀಲಿಕೈ ಇಲ್ಲದೆ ಒಳಬಂದವನು. ನಮ್ಮ ಕಸುಬಿಗೆ ಸಂಚಕಾರ.

ನನ್ನ ಜೋಕಿಗೆ ನಾನೇ ನಕ್ಕೆ. ಆದರೆ... ಹದಿನೈದು ದಿನದಿಂದ ಅರ ಹಿಡಿದರೆ ನಡುಗುತ್ತಿದ್ದ ಕೈ, ಮನೆಗೆ ಬರುವಷ್ಟರಲ್ಲಿ ನಿಂತಿತ್ತು.

ಮಾರ್ಚ್ ೮, ಶನಿವಾರ

ಇಸ್ತ್ರಿ ಷರಟಿನವನೊಬ್ಬ ಬಂದ. ಮೆದು ಮಾತು. ಸಾಬೂನಿನ ಬಿಲ್ಲೆಯ ಮೇಲೆ ಒತ್ತಿದ ಕೀಲಿಕೈಯ ಅಚ್ಚು ಬಿಚ್ಚಿಟ್ಟ.

"ನಮ್ ಗೋಡೌನ್‌ದು. ಅಸಲಿ ಕಳೆದುಹೋಗಿದೆ."

ಕಳೆದುಹೋದದ್ದರ ಅಚ್ಚು ಹೇಗೆ ಬಂತು — ಕೇಳಲಿಲ್ಲ. ಅಚ್ಚಿನಲ್ಲಿ ಮೂರು ಗೀರು. ಹಲ್ಲುಗಳೂ ಅವೇ — ಅಕ್ಕನ ಕೈಚೀಲ ಬಿಟ್ಟು ಎಲ್ಲೂ ಹೋಗದ ಮಂದಿರದ ಕೀಲಿಕೈ. ಯಾವಾಗ? ಯಾರು?

"ಎಷ್ಟು ಬೇಕು?"

"ಒಂದೇ ಸಾಕು. ಒಂದ್ಸಲ ಹೊರಗಡೆಯಿಂದ ಹಾಕಿ ಅಲ್ಲೇ ಬಿಡೋಕೆ ತಾನೆ."

ಇಪ್ಪತ್ತು ವರ್ಷದಲ್ಲಿ ಯಾರೂ ಹೀಗೆ ಹೇಳಿಲ್ಲ. ಕೀಲಿಕೈ ಮಾಡಿಸಲು ಬಂದವರೆಲ್ಲ ತೆಗೆಯುವ ಮಾತೇ ಆಡುತ್ತಾರೆ.

ಮೆಟ್ಟಿಲಿಳಿದವನು ತಿರುಗಿದ. "ಅಕ್ಕ ಚೆನ್ನಾಗಿದಾರಾ? ಭಾನುವಾರ ತಪ್ಪಿಸಲ್ಲ ಅಲ್ವಾ ಅವರು... ಶುಕ್ರವಾರ ಬರ್ತೀನಿ."

ಮಾರ್ಚ್ ೧೦, ಸೋಮವಾರ

ಠಾಣೆಗೆ ಹೋದೆ. ಇಸ್ತ್ರಿ ಷರಟು ಸಾಹೇಬರ ಎದುರು ಕಾಲ ಮೇಲೆ ಕಾಲು ಹಾಕಿ ಕೂತಿತ್ತು. ಪೇದೆ "ಏನ್ರೀ?" ಎಂದ. ಕೊಡೆ ಕಳೆದಿದೆಯೆಂದು ದೂರು ಬರೆಸಿ ಬಂದೆ. ನನ್ನ ಹತ್ತಿರ ಕೊಡೆಯೇ ಇಲ್ಲ.

ಮಾರ್ಚ್ ೧೪, ಶುಕ್ರವಾರ

ಕೊಟ್ಟೆ. ಒಂದು ಹಲ್ಲು ಕುಳ್ಳಗೆ ಮಾಡಿ ಕೊಟ್ಟೆ — ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಅರದಿಂದ ಹೇಳಿದ ಮೊದಲ ಸುಳ್ಳು.

ಬೆಳಕಿಗೆ ಹಿಡಿದು ನೋಡಿ ನಕ್ಕ. "ಇವತ್ತೇ ಹಾಕಿ ನೋಡ್ತೀನಿ. ಸರಿಹೋಗ್ದಿದ್ರೆ ಬಸ್ ಸ್ಟ್ಯಾಂಡ್ ಹತ್ರ ಇನ್ನೊಬ್ಬ ಇದಾನೆ, ಬಿಡಿ."

ನಮ್ಮನೆಯವಳಿಗೆ ಎಲ್ಲ ಹೇಳಿದೆ. "ನಿಮ್ಮಕ್ಕನಿಗೆ ಭಾನುವಾರ ಮನೇಲಿರೋಕೆ ಹೇಳಿ. ನೀವೂ ಇರಿ. ಊರ ಉಸಾಬರಿ ನಮಗ್ಯಾಕೆ?"

ಅಕ್ಕನಿಗೆ ಹೇಳಿದೆ. "ಒಳಗೆ ಕೂಡಿಹಾಕಿ ಬೆಂಕಿ ಹಚ್ತಾರೆ ಅಂತೀಯಾ?"

ತಲೆಯಾಡಿಸಿದೆ.

"ಹಾಗಾದ್ರೆ ನಾಳೆ ಮಂದಿರ ಚೆನ್ನಾಗಿ ಗುಡಿಸಬೇಕು" ಎಂದು ಪೊರಕೆ ಹುಡುಕಲು ಹೋದಳು.

ಮಾರ್ಚ್ ೧೬, ಭಾನುವಾರ, ಬೆಳಗ್ಗೆ ಎಂಟೂವರೆ

ಮಂದಿರದಲ್ಲೇ ಬರೆಯುತ್ತಿದ್ದೇನೆ. ಬಾಗಿಲ ಪಕ್ಕದ ಬೆಂಚು. ಪಾದ್ರಿಗಳು ನಿನ್ನೆ ಮನೆಮನೆಗೂ ಹೋಗಿ ವಿಷಯ ಹೇಳಿದ್ದರು — ಬಾರದಿದ್ದರೆ ತಪ್ಪಲ್ಲ ಅಂತಲೂ. ಮೂವತ್ತೊಂದು ಜನ ಬಂದಿದ್ದಾರೆ.

ಬೆಳಗಾಗುತ್ತಲೇ ಬಂದು ಬೀಗವನ್ನು ಬುಡಸಮೇತ ಕಿತ್ತೆ. ಹೊರಗಿನ ಹಿಡಿಕೆಯನ್ನೂ — ಹಗ್ಗ ಕಟ್ಟಲೂ ಏನೂ ಉಳಿಯದಂತೆ. ಬಾಗಿಲಲ್ಲಿ ಮೂರು ಬೆರಳಗಲದ ತೂತು. ಪಾದ್ರಿಗಳು ಬಗ್ಗಿ ನೋಡಿದರು. "ಪರವಾಗಿಲ್ಲ. ಬೆಳಕಾದ್ರೂ ಬರತ್ತೆ."

ಹುಟ್ಟಿನಿಂದ ಇಲ್ಲಿಯವರೆಗೆ ಬೀಗವೇ ಇಲ್ಲದ ಬಾಗಿಲ ಪಕ್ಕ ಇಷ್ಟು ನಿರಾಳವಾಗಿ ಕೂತಿರಲಿಲ್ಲ. ಏಕೋ.

ಒಂಬತ್ತು

ಮೂವತ್ತೆರಡು. ನಮ್ಮನೆಯವಳು! ನನ್ನ ಕಡೆ ನೋಡದೆ ಅಕ್ಕನ ಪಕ್ಕ ಹೋಗಿ ಕೂತಳು. ಹೋಗುವಾಗ ಪಿಸುಗುಟ್ಟಿದಳು: "ಮನೇಲಿ ಒಬ್ಬಳೇ ಕೂತು ಹೆದರೋಕಾಗಲ್ಲ."

ಹಾಡು ಶುರುವಾಯಿತು. ಅಮ್ಮ ಪಾತ್ರೆ ತೊಳೆಯುತ್ತ ಗುನುಗುತ್ತಿದ್ದ ಹಾಡೇ. ಕಣ್ಣು ಮುಚ್ಚಿದೆ. ಎಷ್ಟೋ ವರ್ಷದ ಮೇಲೆ ಪ್ರಾರ್ಥಿಸಿದೆ. ಪ್ರಾಸ ಹುಡುಕಲಿಲ್ಲ. ಇಲ್ಲೇ ಇರು — ಅಷ್ಟೇ.

ಒಂಬತ್ತೂ ಇಪ್ಪತ್ತು

ಹೊರಗೆ ಹೆಜ್ಜೆಗಳು. ಬಹಳ. ಮಾತಿಲ್ಲ. ಸೀಮೆಎಣ್ಣೆಯ ವಾಸನೆ.

ತೂತಿನ ಬೆಳಕು ಆರಿತು. ಯಾರೋ ಬಗ್ಗಿ ಇಣುಕುತ್ತಿದ್ದಾನೆ. ಬೀಗ ಇರಬೇಕಾದ ಜಾಗದಲ್ಲಿ ಒಂದು ಕಣ್ಣು. ನನಗೆ ಒಂದು ಗೇಣು ದೂರ.

ಅಕ್ಕ ಹಾಡು ನಿಲ್ಲಿಸಿಲ್ಲ. ನನ್ನ ಕೈ ನೋಡಿಕೊಂಡೆ. ನಡುಗುತ್ತಿಲ್ಲ. ಅಕ್ಷರಗಳೂ ನೆಟ್ಟಗಿವೆ.

ಅವರು ತಳ್ಳುವ ಮೊದಲು ನಾನೇ ತೆಗೆಯಬೇಕು. ಒಳಗೆ ಬನ್ನಿ ಅನ್ನಬೇಕು. ಬೆಂಚಿನಲ್ಲಿ ಜಾಗ ಇದೆ ಅನ್ನಬೇಕು. ಏಳುತ್ತಿದ್ದೇನೆ. ಉಳಿದದ್ದು ಆಮೇಲೆ