ಅಕ್ಕನ ಬಾಗಿನಕ್ಕೊಂದು ದೋಣಿ ಬಿಡಿಸಿ

...ಅಲ್ಲ, ಕ್ಷಮಿಸಿ, ಮತ್ತೆ ಮೊದಲಿಂದ ಹೇಳುತ್ತೇನೆ. ಹಿಂದಿನ ಎರಡು ವಾಯ್ಸ್ ನೋಟ್‌ಗಳಲ್ಲಿ ಬರೀ ಬೈಗುಳವಿತ್ತು, ಅಳಿಸಿದೆ.

ಪೊಟೊಮ್ಯಾಕ್ ಹೊಳೆಯ ಎರಡೂ ದಡ ಆಳುವ ಮಾನ್ಯರೇ, ಕಾರು ದಾಟಿಸುತ್ತಿದ್ದ ನಮ್ಮ ಹಳೆಯ ಫೆರಿ ನಿಂತು ವರ್ಷಗಳೇ ಆದವು. ಎಷ್ಟೋ ಪ್ರವಾಹ ಕಂಡ ದೋಣಿ, ಆಚೆ ದಡದಲ್ಲಿ ಇಳಿಯುವ ನೆಲ ಯಾರದೆಂಬ ತಕರಾರಿಗೆ ಮುಳುಗಿತು. ಸೈಕಲ್ ಹೇರಿಕೊಂಡು ಬರುತ್ತಿದ್ದ ಪ್ರವಾಸಿಗರು ಬೇರೆ ನದಿ ನೋಡಿಕೊಂಡರು. ನಾನೆಲ್ಲಿಗೆ ಹೋಗಲಿ? ನನ್ನ ಅಕ್ಕ ನಳಿನಿ ಇರುವುದು ವರ್ಜೀನಿಯಾ ದಡದಲ್ಲಿ. "ಹೊಳೆ ದಾಟಿದ್ರೆ ಅಕ್ಕನ ಮನೆ" ಎಂದು ಹೆಂಡತಿ ಸೌಮ್ಯಾಳನ್ನು ಒಪ್ಪಿಸಿ ಮೇರಿಲ್ಯಾಂಡ್ ದಡದಲ್ಲಿ ಮನೆ ಕೊಂಡ ದೂರದೃಷ್ಟಿಯ ಎಂಜಿನಿಯರ್ ನಾನು.

ಸೇತುವೆಯಿಲ್ಲವೇ ಎನ್ನುತ್ತೀರಿ. ಇದೆ, ಹೈವೇ ಮೇಲೆ. ಪಕ್ಕಕ್ಕೊಂದು ಟ್ರಕ್ ಬಂದರೆ ಐವತ್ತರ ಈ ವೀರ ಬ್ರೇಕ್ ತುಳಿದುಬಿಡುತ್ತಾನೆ. ಒಮ್ಮೆ ಲೇನ್ ಬದಲಿಸಲು ಧೈರ್ಯ ಸಾಲದೆ ನೆಟ್ಟಗೆ ಏರ್‌ಪೋರ್ಟ್ ತಲುಪಿದ್ದೆ. ಅಕ್ಕನಿಗೋ, ಕಣ್ಣಿನ ಆಪರೇಷನ್ ಆದ ಮೇಲೆ ಹೈವೇ ನಿಷಿದ್ಧ.

ಗೌರಿ ಹಬ್ಬಕ್ಕೆ ಅವಳಿಗೆ ತವರಿನ ಬಾಗಿನ ನಮ್ಮ ಮನೆಯಿಂದಲೇ ಹೋಗಬೇಕು. ಪ್ರತಿ ವರ್ಷ ತಾವು "ಶೀಘ್ರದಲ್ಲೇ" ಎಂದು ಪ್ರಕಟಣೆ ಕೊಡುತ್ತೀರಿ. ಅದನ್ನು ತೋರಿಸಿ ನಾನು ಸೌಮ್ಯಾಗೆ "ತಾಳು" ಎನ್ನುತ್ತೇನೆ. ಹೋದ ವರ್ಷ ಏನು ಮಾಡಿದೆ ಗೊತ್ತೆ? ಮೊರ ಹಿಡಿದು ಈಚೆ ದಡದಲ್ಲಿ ನಿಂತೆ. ಆಚೆ ದಡದಲ್ಲಿ ಅಕ್ಕ, ಕಿವಿಗೆ ಫೋನು.

"ಮೇಲೆತ್ತೋ, ಕಾಣ್ತಿಲ್ಲ."

ಎತ್ತಿದೆ. ಮುಚ್ಚಿದ್ದ ಮೊರ ಜಾರಿ ತೊಗರಿಬೇಳೆ, ಬಳೆ, ಬಿಚ್ಚೋಲೆ ಎಲ್ಲ ನನ್ನ ತಲೆಯ ಮೇಲೆ ಸುರಿದವು.

"ಈಗ ಚೆನ್ನಾಗಿ ಕಾಣ್ತು ಬಿಡು," ಎಂದು ನಕ್ಕಳು. ಆಮೇಲೆ ಅಂದಳು, "ಅಮ್ಮ ಹೋದ್ಮೇಲೆ ನಂಗೆ ತವರು ಅಂತ ಇರೋದು ನೀನೊಬ್ಬನೇ ಕಣೋ. ಅಷ್ಟು ದೂರದಲ್ಲಿ ನಿಂತ್ಕೋಬೇಡ."

ಇವತ್ತು ಮತ್ತೆ ಗೌರಿ. ಮಾನ್ಯರೇ, ನೆಲದ ತಕರಾರು ತಮ್ಮ ತಮ್ಮಲ್ಲೇ ಇರಲಿ, ವಾರಕ್ಕೊಂದು ದಿನವಾದರೂ ದೋಣಿ ಬಿಡಿಸಿ. ಅದೂ ಆಗದಿದ್ದರೆ "ಇನ್ನೆಂದೂ ಇಲ್ಲ" ಎಂದು ಸ್ಪಷ್ಟವಾಗಿ ಸಾರಿಬಿಡಿ. ನನ್ನಂಥ ಹೇಡಿಗೆ ಕಾಯುವ ನೆಪವಾದರೂ ತಪ್ಪಲಿ.

ಇಂತಿ,
ತಮ್ಮ "ಶೀಘ್ರ"ವನ್ನು ನಂಬಿ ದಡದಲ್ಲೇ ಉಳಿದ
ಪ್ರಭಾಕರ

ಒಂದು ನಿಮಿಷ, ಗ್ಯಾರೇಜಿನಿಂದ ಸೌಮ್ಯಾ ಕೂಗುತ್ತಿದ್ದಾಳೆ.

"ರೀ, ನಿಮ್ಮ ಫೆರಿ ಪುರಾಣ ಸಾಕು! ನಾನೇ ಡ್ರೈವ್ ಮಾಡ್ತೀನಿ, ಹೈವೇಲೇ ಹೋಗೋದು. ನೀವು ಮೊರ ತೊಡೆ ಮೇಲಿಟ್ಕೊಂಡು ಕಣ್ಮುಚ್ಕೊಂಡು ಕೂತ್ಕೊಳ್ಳಿ. ಈ ಸಲ ಚೆಲ್ಲಬೇಡಿ."

ಬಂದೆ ಕಣೇ, ಬಂದೆ. ಇಡುತ್ತೇನೆ, ಮಾನ್ಯರೇ.